ಯಾರ ಎಡ? ಯಾರ ಬಲ?

ಹದಿನಾರು ಓಟು!

2023ನೆಯ ಇಸವಿ ಮೇ 13ರ ರಾತ್ರಿ ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ ಇಷ್ಟೇ. ಭಾರತೀಯ ಜನತಾ ಪಕ್ಷದ ಸಿ. ಕೆ. ರಾಮಮೂರ್ತಿಯವರಿಗೆ 57,797 ಮತಗಳು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರಿಗೆ 57,781. ಮೊದಲು ಒಬ್ಬರು ಮುಂದಿದ್ದರು. ಮರುಎಣಿಕೆಯಾದ ಮೇಲೆ ಇನ್ನೊಬ್ಬರು ಗೆದ್ದರು. ತಿರಸ್ಕೃತವಾಗಿದ್ದ ಅಂಚೆ ಮತಗಳ ಮೇಲೆ ವಾದವೆದ್ದಿತು. ಎಣಿಕೆ ಕೇಂದ್ರದ ಹೊರಗೆ ನಡುರಾತ್ರಿಯವರೆಗೂ ಎರಡು ಕಡೆಯವರ ಜಯಘೋಷ, ಎರಡು ಕಡೆಯವರ ಧಿಕ್ಕಾರ. ಮಾರನೆಯ ದಿನ ಒಂದು ಗುಂಪು ಬಲಪಂಥಕ್ಕೆ ಜಯವಾಯಿತೆಂದು ಪೇಡೆ ಹಂಚಿತು. ಇನ್ನೊಂದು ಗುಂಪು ಪ್ರಗತಿಪರ ಶಕ್ತಿಗಳಿಗೆ ಮೋಸವಾಯಿತೆಂದು ಮುಖ ಬಾಡಿಸಿಕೊಂಡಿತು.

ವಾಚಕ ಮಿತ್ರರೇ, ನಾವು ಕೇಳುವುದು ಒಂದೇ ಪ್ರಶ್ನೆ. ಆ ಹದಿನಾರು ಓಟಿನಿಂದ ತೀರ್ಮಾನವಾದದ್ದೇನು? ಜಯನಗರ ನಾಲ್ಕನೆಯ ಬ್ಲಾಕಿನ ಫುಟ್‌ಪಾತಿನಲ್ಲಿ ಹೂವು ಕಟ್ಟಿ ಮಾರುವ ಹೆಂಗಸಿನ ಬುಟ್ಟಿ ಅಂದಿನಿಂದ ಭದ್ರವಾಯಿತೆ? ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳ ದುಡಿಮೆಯಲ್ಲಿ ಒಂದು ಗಂಟೆ ಕಡಮೆಯಾಯಿತೆ? ಬನಶಂಕರಿಯ ಬೇಕರಿಯವನಿಗೆ ಬರುವ ತೆರಿಗೆ ನೋಟೀಸು ನಿಂತಿತೆ? ಯಾವುದೂ ಆಗಲಿಲ್ಲ. ಆಗದಿದ್ದರೆ, ಆ ರಾತ್ರಿಯ ಕೂಗಾಟವೆಲ್ಲ ಯಾರಿಗಾಗಿ?

ಬೆಂಗಳೂರಿನ ದಕ್ಷಿಣ ಬಡಾವಣೆಗಳ ಚಿಂತೆ ಜಿಲ್ಲಾ ಪಟ್ಟಣದ ಒಂದು ವಾರಪತ್ರಿಕೆಗೆ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. ಉತ್ತರ ನಿಮ್ಮ ಮನೆಯಲ್ಲೇ ಇದೆ. ನಿಮ್ಮ ಮಗಳೋ ತಂಗಿಯೋ ಪಕ್ಕದ ಮನೆಯ ಹುಡುಗನೋ ರಾತ್ರಿ ಬಸ್ಸು ಹತ್ತಿ ಹೋಗಿ ಹೊಸೂರು ರಸ್ತೆಯ ಒಂದು ಕೋಣೆಯಲ್ಲಿ ನಾಲ್ಕು ಜನರೊಡನೆ ಇದ್ದಾರೆ. ಅವರ ಓಟು ನಮ್ಮೂರ ಪಟ್ಟಿಯಲ್ಲಿದೆ. ಅವರ ಕೂಲಿ ತೀರ್ಮಾನವಾಗುವುದು ಅಲ್ಲಿ. ಅಲ್ಲಿಯ ಎಡಬಲದ ಲೆಕ್ಕದಲ್ಲಿ ಅವರಿಲ್ಲ. ಆದರೆ ಅಲ್ಲಿ ಎಡದವರೂ ಬಲದವರೂ ಉಡುವ ಅಂಗಿಯನ್ನು ಹೊಲಿದವರು ಅವರೇ. ಆದುದರಿಂದ ಈ ಮಾತು ನಮ್ಮದು.

ಕುರ್ಚಿಯಿಂದ ಹುಟ್ಟಿದ ಮಾತು

ಎಡ, ಬಲ ಎಂಬ ಈ ರಾಜಕೀಯದ ಮಾತು ಎಲ್ಲಿಂದ ಬಂತು? 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರದ ಚರ್ಚೆ ನಡೆಯಿತು. ಸಭೆ ಮಾಡಿದ ಕಾನೂನನ್ನು ತಡೆಯುವ ಅಧಿಕಾರ ರಾಜನಿಗೆ ಇರಬೇಕೆಂದವರು ಅಧ್ಯಕ್ಷರ ಬಲಗಡೆ ಕುಳಿತರು. ಕೂಡದೆಂದವರು ಎಡಗಡೆ ಕುಳಿತರು. ಮೂಲದಲ್ಲಿ ಪ್ರಶ್ನೆ ಬಹು ಸ್ಪಷ್ಟವಾಗಿತ್ತು: ಕೊನೆಯ ಮಾತು ಯಾರದು? ಅರಮನೆಯದೋ, ಜನರದೋ? ಅಂದು ಕುಳಿತ ಜಾಗ ಮುಖ್ಯವಾಗಿರಲಿಲ್ಲ, ಕೊಟ್ಟ ಉತ್ತರ ಮುಖ್ಯವಾಗಿತ್ತು. ಇಂದು ಉತ್ತರವನ್ನು ಮರೆತು ಬರಿಯ ಕುರ್ಚಿಯನ್ನು ಹಿಡಿದುಕೊಂಡಿದ್ದಾರೆ.

ನಮ್ಮ ನಾಡಿಗೆ ಈ ಎಡಬಲದ ಜಗಳ ಫ್ರಾನ್ಸಿನಿಂದಲೇ ಬರಬೇಕಾಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಬೆಂಗಳೂರಿಗೆ ಬಂದಾಗ ಪೇಟೆಯ ಜನ ಎಡಗೈ, ಬಲಗೈ ಎಂದು ಎರಡು ಪಂಗಡವಾಗಿ ನಿಂತಿದ್ದುದನ್ನು ಬರೆದಿಟ್ಟಿದ್ದಾನೆ. ಬಲಗೈಗೆ ಹದಿನೆಂಟು ಜಾತಿ, ಎಡಗೈಗೆ ಒಂಬತ್ತು. ಜಗಳ ಯಾವುದಕ್ಕೆ? ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬ ನೆಡುವ ಹಕ್ಕು ತಮಗೆ ಮಾತ್ರ ಎಂದು ಬಲಗೈಯವರ ವಾದ. ಎಡಗೈಯವರು ಮೆರವಣಿಗೆಯಲ್ಲಿ ಕುದುರೆ ಏರಬಾರದು, ಹನುಮಂತನ ಚಿತ್ರವಿರುವ ಬಾವುಟ ಹಿಡಿಯಬಾರದು ಎಂದು ಅವರ ಹಟ. ವ್ಯಾಪಾರ ಮಾಡುವವನೂ ಕುಲುಮೆಯಲ್ಲಿ ಕೆಲಸ ಮಾಡುವವನೂ ಹೀಗೆ ಕಂಬ ಎಣಿಸುತ್ತ, ಬಾವುಟಕ್ಕಾಗಿ ತಲೆ ಒಡೆದುಕೊಳ್ಳುತ್ತ ಇದ್ದ ಕಾಲದಲ್ಲೇ, ಅವರ ನಾಡು ಕಂಪನಿಯ ಹಿಡಿತಕ್ಕೆ ಸಿಕ್ಕಿತ್ತು. ಶ್ರೀರಂಗಪಟ್ಟಣ ಬಿದ್ದು ಆಗಿನ್ನೂ ಒಂದೇ ವರ್ಷ!

2024ರ ಜನವರಿಯಲ್ಲಿ ಮಂಡ್ಯ ಜಿಲ್ಲೆಯ ಕೆರಗೋಡಿನಲ್ಲಿ 108 ಅಡಿಯ ಧ್ವಜಸ್ತಂಭದಿಂದ ಹನುಮ ಧ್ವಜವನ್ನು ಇಳಿಸಿದ ಮೇಲೆ ನಡೆದ ಗದ್ದಲ ನಿಮಗೆ ನೆನಪಿದೆಯಷ್ಟೆ. ಎರಡು ಪಕ್ಷಗಳ ನಾಯಕರು ವಾರಗಟ್ಟಲೆ ಅದೇ ಮಾತಾಡಿದರು. ಆ ದಿನಗಳಲ್ಲಿ ಮಂಡ್ಯದ ರೈತನ ಕಬ್ಬಿನ ಬಾಕಿಯನ್ನಾಗಲಿ ಕಾವೇರಿಯ ನೀರನ್ನಾಗಲಿ ಕುರಿತು ಅದರ ಕಾಲುಭಾಗದಷ್ಟು ಕೂಗಾದರೂ ಎದ್ದಿತೆ? ಇನ್ನೂರ ಇಪ್ಪತ್ತು ವರ್ಷ ಕಳೆದರೂ ನಮ್ಮನ್ನು ಕಂಬದ ಸುತ್ತ ಕುಣಿಸುವುದು ಇಷ್ಟು ಸುಲಭವೆಂದರೆ, ಕುಣಿಸುವವರನ್ನಷ್ಟೇ ಬೈದು ಪ್ರಯೋಜನವಿಲ್ಲ.

ಕನ್ನಡದಲ್ಲಂತೂ ಈ ಮಾತುಗಳೇ ಒಂದು ಕಡೆಗೆ ವಾಲಿವೆ. ಬಲ ಎಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು. ಎಡವಿದವನು ಬೀಳುತ್ತಾನೆ, ಕೆಲಸ ಕೆಟ್ಟರೆ ಎಡವಟ್ಟು. ಇಂಥ ಭಾಷೆಯಲ್ಲಿ ಒಬ್ಬನನ್ನು ಎಡದವನೆಂದು ಕರೆದ ಕೂಡಲೇ ಅರ್ಧ ವಾದ ಮುಗಿದಂತೆ. ಆದರೆ ಊಟಕ್ಕೆ ಬಲಗೈ ಬೇಕಾದರೂ ಮಗ್ಗದಲ್ಲಿ ಎರಡು ಕೈಯೂ ಬೇಕು. ಗಿರಣಿಯಲ್ಲಿ ಒಂದು ದಿನ ನಿಂತವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎಲ್ಲರೂ ಸಮಾಜವಾದಿಗಳೇ!

ಇನ್ನು ಈ ಪಕ್ಷಗಳ ನಾಲಿಗೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ.

1955ರ ಜನವರಿಯಲ್ಲಿ ಆವಡಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಸಮಾಜವಾದಿ ಮಾದರಿಯ ಸಮಾಜವೇ ತನ್ನ ಗುರಿಯೆಂದು ನಿರ್ಣಯ ಮಾಡಿತು. ಅದನ್ನು ಎದುರಿಸುವುದಕ್ಕಾಗಿ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಜಯನಗರಕ್ಕೆ 1948ರಲ್ಲಿ ಅಸ್ತಿಭಾರ ಹಾಕಿದವರೂ ಅದೇ ರಾಜಾಜಿಯವರೇ. ಆಗ ಅವರು ದೇಶದ ಗವರ್ನರ್ ಜನರಲ್. ಅವರ ವಿಚಾರ ನಮಗೆ ಒಪ್ಪಿಗೆಯಲ್ಲ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಆ ಮುದುಕರು ತಾವು ಎಲ್ಲಿ ನಿಂತಿದ್ದೇವೆಂಬುದನ್ನು ಮುಚ್ಚಿಡಲಿಲ್ಲ. ಖಾಸಗಿ ಆಸ್ತಿಗೆ, ಖಾಸಗಿ ಉದ್ಯಮಕ್ಕೆ ಸರ್ಕಾರ ಕೈ ಹಾಕಬಾರದೆಂದು ನೇರವಾಗಿ ಹೇಳಿ ಓಟು ಕೇಳಿದರು. ಅಂಥ ಎದುರಾಳಿಯೊಡನೆ ವಾದ ಮಾಡಬಹುದು.

ಮುಂದೆ ನಡೆದದ್ದು ನೋಡಿ. 1976ರಲ್ಲಿ ತುರ್ತುಪರಿಸ್ಥಿತಿಯ ಕತ್ತಲೆಯಲ್ಲಿ, ಸಮಾಜವಾದಿಗಳು ಜೈಲಿನಲ್ಲಿದ್ದಾಗ, ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಸಮಾಜವಾದಿ ಎಂಬ ಪದ ಸಂವಿಧಾನದ ಪೀಠಿಕೆಗೆ ಸೇರಿತು! ಪದ ಪೀಠಿಕೆಯಲ್ಲಿ, ಪದವನ್ನು ನಂಬಿದವರು ಸೆರೆಮನೆಯಲ್ಲಿ. 1980ರಲ್ಲಿ ಹುಟ್ಟಿದ ಭಾರತೀಯ ಜನತಾ ಪಕ್ಷವೂ ಹಿಂದೆ ಬೀಳಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿ ಗಾಂಧೀವಾದಿ ಸಮಾಜವಾದವೇ ತನ್ನ ದಾರಿಯೆಂದಿತು. 1989ರಲ್ಲಿ ಜನಪ್ರತಿನಿಧಿ ಕಾಯಿದೆಗೆ ತಿದ್ದುಪಡಿಯಾಯಿತು. ಅದರಂತೆ ಈ ದೇಶದಲ್ಲಿ ನೋಂದಣಿಯಾಗಬಯಸುವ ಪ್ರತಿಯೊಂದು ಪಕ್ಷವೂ ಸಮಾಜವಾದಕ್ಕೆ ನಿಷ್ಠೆ ತೋರುವುದಾಗಿ ಬರೆದುಕೊಡಬೇಕು. ಅಂದರೆ, ಕಾಗದದ ಮೇಲೆ ನಮ್ಮ ದೇಶದಲ್ಲಿ ಬಲಪಂಥೀಯ ಪಕ್ಷವೇ ಇಲ್ಲ! ಎಲ್ಲರೂ ಸಮಾಜವಾದಿಗಳೇ!

ಈಗ ಪೀಠಿಕೆಯಿಂದ ಆ ಪದವನ್ನು ತೆಗೆಯಬೇಕೆಂದು ಕೂಗೆದ್ದಿದೆ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅಂಥ ಅರ್ಜಿಗಳನ್ನು ವಜಾ ಮಾಡಿತು. 2025ರ ಜೂನಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆಯವರು ಆ ಪದ ಉಳಿಯಬೇಕೇ ಎಂದು ಚರ್ಚೆಯಾಗಲಿ ಎಂದರು. ಕಾಂಗ್ರೆಸ್ಸಿನವರು ಸಂವಿಧಾನದ ಪುಸ್ತಕ ಹಿಡಿದು ಬೀದಿಗಿಳಿದರು. ಪದ ಇರಬೇಕೆಂಬುದೇ ನಮ್ಮ ಪಕ್ಷವೂ ಹೌದು. ಆದರೆ ಒಂದು ಪ್ರಶ್ನೆ: ಆ ಪದ ಪೀಠಿಕೆಯಲ್ಲಿ ಇದ್ದ ಐವತ್ತು ವರ್ಷಗಳಲ್ಲಿ ಬೆಂಗಳೂರಿನ ಬಿನ್ನಿ ಗಿರಣಿ ಉಳಿಯಿತೆ? ಸರ್ಕಾರವೇ ವಹಿಸಿಕೊಂಡ ಮಿನರ್ವ ಗಿರಣಿ ಉಳಿಯಿತೆ? ಮಿನರ್ವದ ಹೆಸರು ಈಗ ಉಳಿದಿರುವುದು 1980ರ ಒಂದು ದೊಡ್ಡ ತೀರ್ಪಿನ ತಲೆಬರಹದಲ್ಲಿ, ವಕೀಲರ ಬಾಯಲ್ಲಿ. ಗಿರಣಿಯ ಕೂಲಿಕಾರನ ಹೆಸರು ಎಲ್ಲಿಯೂ ಇಲ್ಲ.

ಗಂಟೆಯ ಲೆಕ್ಕ ಸುಳ್ಳು ಹೇಳದು

ಹಾಗಾದರೆ ಯಾರು ಯಾವ ಕಡೆ ಎಂಬುದನ್ನು ತಿಳಿಯುವುದು ಹೇಗೆ? ಮಾತನ್ನು ಬಿಟ್ಟು ಗಡಿಯಾರವನ್ನು ನೋಡಿ.

ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಮಿತಿಯನ್ನು 1948ರ ಕಾರ್ಖಾನೆ ಕಾಯಿದೆ ಹಾಕಿತ್ತು. ಅದಕ್ಕೆ ಮುಂಚೆ ಅಂಬೇಡ್ಕರ್ ಅವರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಇದಕ್ಕಾಗಿ ದುಡಿದಿದ್ದರು. 2023ರ ಫೆಬ್ರವರಿಯಲ್ಲಿ, ಭಾರತೀಯ ಜನತಾ ಪಕ್ಷದ ರಾಜ್ಯ ಸರ್ಕಾರ ಕರ್ನಾಟಕದ ಮಟ್ಟಿಗೆ ಇದಕ್ಕೆ ತಿದ್ದುಪಡಿ ತಂದಿತು. ವಾರದ ನಲವತ್ತೆಂಟು ಗಂಟೆ ಹಾಗೇ ಇರಲಿ, ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಬಹುದು. ಮೂರು ತಿಂಗಳಿಗೆ ಎಪ್ಪತ್ತೈದು ಗಂಟೆಯಿದ್ದ ಹೆಚ್ಚುವರಿ ದುಡಿಮೆ ನೂರ ನಲವತ್ತೈದಾಗಲಿ ಎಂದಿತು. ಒಪ್ಪೋಣ, ಬಲದವರ ಕೆಲಸವೇ ಇದು ಎನ್ನೋಣ.

ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಸಮಾಜವಾದದ ಅಂಗಳದಲ್ಲೇ ರಾಜಕೀಯ ಕಲಿತ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದರು. ಹನ್ನೆರಡು ಗಂಟೆಯ ತಿದ್ದುಪಡಿಯನ್ನು ರದ್ದುಮಾಡುವ ಮಸೂದೆ ಬರಬೇಕಾಗಿತ್ತಲ್ಲವೆ? ಬಂದದ್ದು ಬೇರೆ. 2024ರ ಜುಲೈನಲ್ಲಿ ಐ.ಟಿ. ಕಂಪನಿಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಹೊರಬಿದ್ದಿತು. ಐ.ಟಿ. ನೌಕರರ ಸಂಘದವರು ಬೀದಿಗೆ ಬಂದಮೇಲೆ ಅದು ಹಿಂದೆ ಸರಿಯಿತು. 2025ರ ಜೂನಿನಲ್ಲಿ ಇನ್ನೊಂದು ವೇಷ ಹಾಕಿ ಬಂತು: ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಲ್ಲಿ ದಿನದ ದುಡಿಮೆ ಒಂಬತ್ತರಿಂದ ಹತ್ತು ಗಂಟೆಗೆ; ಹೆಚ್ಚುವರಿಯೂ ಸೇರಿ ಹನ್ನೆರಡಕ್ಕೆ; ಮೂರು ತಿಂಗಳ ಹೆಚ್ಚುವರಿ ಐವತ್ತರಿಂದ ನೂರ ನಲವತ್ತನಾಲ್ಕಕ್ಕೆ!

ಈ ನಡುವೆ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ಸಿನ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದು ಉಪದೇಶ ಮಾಡಿದ್ದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೋ ಕಂಪನಿಯ ಅಧ್ಯಕ್ಷರು ತೊಂಬತ್ತು ಗಂಟೆಯ ಮಾತಾಡಿದ್ದು ಹೊರಬಿತ್ತು. ಎಪ್ಪತ್ತು ಎಂದವರಿಗೂ ತೊಂಬತ್ತು ಎಂದವರಿಗೂ ಯಾರೂ ಎಡ ಬಲ ಎಂಬ ಚೀಟಿ ಅಂಟಿಸಲಿಲ್ಲ. ಬಂಡವಾಳಕ್ಕೆ ಪಕ್ಷವಿಲ್ಲ, ಮಿತ್ರರೇ! ಯಾವ ಸರ್ಕಾರ ಬಂದರೂ ಅದರ ಬಾಗಿಲು ತಟ್ಟುವ ಕೈ ಅದೇ.

ಹೊಸೂರು ರಸ್ತೆಯ ಎರಡು ದಿನ

ಗಡಿಯಾರಕ್ಕಿಂತ ದೊಡ್ಡ ಸಾಕ್ಷಿ 2016ರ ಏಪ್ರಿಲ್ 18 ಮತ್ತು 19. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿತ್ತು. ಮಾಲೀಕರು ಕಟ್ಟಿದ ಪಾಲು ಐವತ್ತೆಂಟು ವರ್ಷ ತುಂಬುವವರೆಗೆ ಕೈಗೆ ಸಿಗದು ಎಂಬುದು ಹೊಸ ನಿಯಮ. ದೆಹಲಿಯ ಕಚೇರಿಯಲ್ಲಿ ಕುಳಿತವನಿಗೆ ಅದು ವೃದ್ಧಾಪ್ಯದ ಭದ್ರತೆ. ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ? ಐವತ್ತೆಂಟರವರೆಗೆ ಆ ಯಂತ್ರದ ಮುಂದೆ ಯಾರನ್ನು ಕೂರಿಸಿಕೊಳ್ಳುತ್ತಾರೆ? ಕಣ್ಣು ಮಂಜಾಗುವ ಮೊದಲೇ ಮನೆಗೆ ಕಳಿಸುತ್ತಾರೆ. ಕೆಲಸ ಬಿಟ್ಟಾಗ ಸಿಗುವ ಆ ಗಂಟು ಮಗಳ ಮದುವೆಗೆ, ಮಗನ ಶಾಲೆ ಶುಲ್ಕಕ್ಕೆ, ಕೈಸಾಲದ ಬಡ್ಡಿಗೆ. ಅವಳಿಗೆ ಅದೇ ಬ್ಯಾಂಕು.

ಸುದ್ದಿ ಯಂತ್ರದಿಂದ ಯಂತ್ರಕ್ಕೆ ಹರಡಿತು. ಬೊಮ್ಮನಹಳ್ಳಿಯ ಬಳಿ ಸಾವಿರಾರು ಹೆಂಗಸರು ಕಾರ್ಖಾನೆಯಿಂದ ಹೊರಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಮಾರನೆಯ ದಿನ ನಗರದ ಬೇರೆ ಕಡೆಗಳಿಗೂ ಅದು ಹಬ್ಬಿತು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ. ಯಾವ ನಾಯಕನ ಪಟವೂ ಇರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿದ್ದುದೂ ಉಂಟು, ಕಲ್ಲು ತೂರಿದ್ದೂ ಉಂಟು. ಅದನ್ನು ನಾವು ಮುಚ್ಚಿಡುವುದಿಲ್ಲ, ಮೆಚ್ಚುವುದೂ ಇಲ್ಲ. ಆದರೆ ಕುಳಿತಿದ್ದ ಹೆಂಗಸರ ಮೇಲೂ ಲಾಠಿ ಬಿತ್ತು.

ಈಗ ಲೆಕ್ಕ ಹಾಕಿ. ನಿಯಮ ಮಾಡಿದ ಕೇಂದ್ರ ಸರ್ಕಾರ ಬಲದವರದು. ಲಾಠಿ ಬೀಸಿದ ಪೊಲೀಸರು ಕಾಂಗ್ರೆಸ್ಸಿನ ರಾಜ್ಯ ಸರ್ಕಾರದವರು. ಅವಳ ಗಂಟು ಕಸಿದವರು ಒಬ್ಬರು, ಕೇಳಿದ್ದಕ್ಕೆ ಹೊಡೆದವರು ಇನ್ನೊಬ್ಬರು! ಅಂದು ಅವಳಿಗೆ ಎಡ ಯಾವುದು, ಬಲ ಯಾವುದು? ಏಪ್ರಿಲ್ 19ರಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯರು ಆ ನಿಯಮವನ್ನು ಹಿಂದಕ್ಕೆ ಪಡೆದರು. ವರ್ಷಗಟ್ಟಲೆ ಲೋಕಸಭೆಯಲ್ಲಿ ಮಾಡಿದ ಭಾಷಣಗಳಿಂದ ಆಗದ್ದು ಎರಡು ದಿನ ರಸ್ತೆಯಲ್ಲಿ ಕುಳಿತದ್ದರಿಂದ ಆಯಿತು. ಅದರ ಲಾಭ ಬೆಂಗಳೂರಿಗಷ್ಟೇ ಅಲ್ಲ, ಇಡೀ ದೇಶದ ದುಡಿಯುವವರಿಗೆ ಸಿಕ್ಕಿತು.

ಅಂಗಡಿಕಾರನ ಪಾಡು

ಇದು ಕಾರ್ಮಿಕರ ಮಾತಾಯಿತು, ನಮ್ಮದಲ್ಲ ಎಂದು ಸಣ್ಣ ವ್ಯಾಪಾರಿಗಳು ಪುಟ ಮಗುಚಬಾರದು. 2025ರ ಜುಲೈ ನಿಮ್ಮದೇ ಕಥೆ.

ಮೊಬೈಲಿನಲ್ಲಿ ಹಣ ತೆಗೆದುಕೊಳ್ಳಿ, ದೇಶ ಮುಂದುವರಿಯುತ್ತದೆ ಎಂದು ವರ್ಷಗಟ್ಟಲೆ ಹೇಳಿದರು. ಹಾಲಿನ ಬೂತಿನವನು, ಕಾಂಡಿಮೆಂಟ್ಸ್ ಅಂಗಡಿಯವನು, ಬೇಕರಿಯವನು ನಂಬಿ ಗೋಡೆಗೆ ಆ ಚೌಕದ ಚಿತ್ರ ಅಂಟಿಸಿದ. ಹಾಗೆ ಬಂದ ಹಣದ ಲೆಕ್ಕವನ್ನೇ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಜನಕ್ಕೆ ನೋಟೀಸು ಕಳಿಸಿತು. ವರ್ಷಕ್ಕೆ ನಲವತ್ತು ಲಕ್ಷದ ವಹಿವಾಟು ಮೀರಿದೆ, ತೆರಿಗೆ ಕಟ್ಟು ಎಂದಿತು. ಹಾಲು, ತರಕಾರಿಗೆ ತೆರಿಗೆಯೇ ಇಲ್ಲವೆಂಬುದನ್ನು ಕೂಡ ನೋಡಲಿಲ್ಲ. ಹಣ ಬಂದದ್ದಷ್ಟೇ ಕಂಡಿತು. ಅದರಲ್ಲಿ ಸರಕಿನ ಅಸಲು ಎಷ್ಟು, ಬಾಡಿಗೆ ಎಷ್ಟು, ಕೈಗಡ ಎಷ್ಟು, ಉಳಿದದ್ದು ಎಷ್ಟು ಎಂಬುದು ಕಾಣಲಿಲ್ಲ. ಬೆಂಗಳೂರಿನ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಚೀಟಿಗಳು ತೂಗಿದವು.

ಆಗ ಎಡಬಲದವರು ಏನು ಮಾಡಿದರು? ಜಿ.ಎಸ್.ಟಿ. ತಂದವರು ಕೇಂದ್ರದವರು, ಅವರನ್ನು ಕೇಳಿ ಎಂದರು ರಾಜ್ಯದವರು. ನೋಟೀಸು ಕಳಿಸಿದವರು ರಾಜ್ಯದವರು, ಅವರನ್ನು ಕೇಳಿ ಎಂದರು ಕೇಂದ್ರದ ಮಂತ್ರಿ ಪ್ರಲ್ಹಾದ ಜೋಶಿಯವರು. ಇಬ್ಬರು ಹೇಳಿದ್ದೂ ಅರ್ಧ ನಿಜ. ಎರಡು ಅರ್ಧ ನಿಜ ಸೇರಿಸಿದರೆ ಬರುವ ಪೂರ್ತಿ ನಿಜವೇನೆಂದರೆ, 2017ರ ಜುಲೈ 1ರಿಂದ ಆ ತೆರಿಗೆಯನ್ನು ಇಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದಾರೆ. ವ್ಯಾಪಾರಿಗಳು ಜುಲೈ 25ರಂದು ಅಂಗಡಿ ಮುಚ್ಚುತ್ತೇವೆಂದು ಒಗ್ಗಟ್ಟಾಗಿ ಹೇಳಿದ ಮೇಲೆಯೇ ಮುಖ್ಯಮಂತ್ರಿಗಳು ಅವರನ್ನು ಕರೆದು ಕೂರಿಸಿ ಮಾತಾಡಿದ್ದು, ಹಳೆಯ ಬಾಕಿಗೆ ಒತ್ತಾಯವಿಲ್ಲವೆಂದದ್ದು. ಇಲ್ಲಿಯೂ ಕೆಲಸಕ್ಕೆ ಬಂದದ್ದು ಒಗ್ಗಟ್ಟು; ಪಕ್ಷದ ಬಣ್ಣವಲ್ಲ.

ಬೀದಿ ವ್ಯಾಪಾರಿಗಳದ್ದೂ ಇದೇ ಪಾಡು. ಸಮೀಕ್ಷೆ ಮಾಡಿ ಗುರುತಿನ ಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದೆಂದು 2014ರ ಕಾನೂನು ಹೇಳುತ್ತದೆ. ಆದರೂ 2023ರ ಕೊನೆಯಲ್ಲಿ ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಪಾಲಿಕೆಯವರು ತಳ್ಳುಗಾಡಿ, ಬುಟ್ಟಿಗಳನ್ನು ಎಬ್ಬಿಸಿದರು. ನಡೆಯುವವರಿಗೆ ದಾರಿ ಬೇಕು, ನಿಜ. ಬದುಕುವವರಿಗೂ ಜಾಗ ಬೇಕು. ಎರಡನ್ನೂ ಕೂರಿಸಿ ತೂಗಲು ವಾರ್ಡಿನ ಸದಸ್ಯ ಬೇಕು. ಅವನಾದರೂ ಎಲ್ಲಿದ್ದ? 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಮೊದಲ ಅರ್ಧ ಬಲದವರ ಸರ್ಕಾರ, ಎರಡನೆಯ ಅರ್ಧ ಕಾಂಗ್ರೆಸ್ ಸರ್ಕಾರ. ಟಿ.ವಿ.ಯಲ್ಲಿ ಹಾವು ಮುಂಗುಸಿಯಂತೆ ಕಾದಾಡುವ ಇವರು ಒಂದು ವಿಷಯದಲ್ಲಿ ಎಷ್ಟು ಸೊಗಸಾಗಿ ಹೊಂದಿಕೊಂಡರು ನೋಡಿ: ಜನ ತಮ್ಮ ಬೀದಿಯ ಸದಸ್ಯನನ್ನು ಆರಿಸದೆ ಇರಲಿ!

ಒಂದೇ ಜೈಲು

ಹಿರಿಯರಿಗೆ ನೆನಪಿದೆ. 1975ರ ಜೂನ್ 26ರಂದು, ಸಂಸತ್ತಿನ ಒಂದು ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಜನಸಂಘದ ವಾಜಪೇಯಿ, ಆಡ್ವಾಣಿಯವರನ್ನೂ ಸಮಾಜವಾದಿ ಮಧು ದಂಡವತೆಯವರನ್ನೂ ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರರನ್ನೂ ಒಟ್ಟಿಗೆ ಹಿಡಿದು ಇಲ್ಲಿಯ ಸೆಂಟ್ರಲ್ ಜೈಲಿಗೆ ಹಾಕಿದರು. ಸಮಾಜವಾದಿಗಳ ಒಡನಾಡಿ ಸ್ನೇಹಲತಾ ರೆಡ್ಡಿಯವರು ಅದೇ ಜೈಲಿನಲ್ಲಿ ನರಳಿ, ಹೊರಬಂದು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಬೀಗ ಹಾಕುವವನು ಎಡ ಬಲ ಕೇಳಲಿಲ್ಲ.

ಆ ಜೈಲು ಇಂದು ಸ್ವಾತಂತ್ರ್ಯ ಉದ್ಯಾನ. 2021ರ ಆದೇಶವೊಂದರ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕಾದವರು ಅಲ್ಲಿಗೇ ಹೋಗಿ ಮಾಡಬೇಕು. ಆದೇಶ ಹೊರಟದ್ದು ಜೈಲು ಕಂಡವರ ಪಕ್ಷದ ಕಾಲದಲ್ಲಿ. ಅದನ್ನು ಜೋಪಾನವಾಗಿ ಮುಂದುವರಿಸಿದ್ದು ಜೈಲಿಗೆ ಹಾಕಿದವರ ಪಕ್ಷ. ಬೊಮ್ಮನಹಳ್ಳಿಯ ಹೆಣ್ಣುಮಗಳು ಕಾರ್ಖಾನೆಯ ಬಾಗಿಲಲ್ಲಿ ಕೂಗಿದರೆ ಅಪರಾಧ. ಎರಡು ಬಸ್ಸು ಬದಲಿಸಿ ಹಳೆಯ ಜೈಲಿನ ಗೋಡೆಯೊಳಗೆ ಹೋಗಿ ಕೂಗಿದರೆ ಪ್ರಜಾಪ್ರಭುತ್ವ!

ಎಲ್ಲರೂ ಒಂದೇ ಎನ್ನಬೇಡಿ

ಇಷ್ಟು ಓದಿದ ಮೇಲೆ ಕೆಲವರು, ಸರಿ ಬಿಡಿ, ಎಲ್ಲರೂ ಕಳ್ಳರೇ, ಓಟೂ ಬೇಡ ಏನೂ ಬೇಡ ಎನ್ನುತ್ತಾರೆ. ಅದು ದೊಡ್ಡ ತಪ್ಪು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ತೇಜಸ್ವಿ ಸೂರ್ಯ ಅವರು 2,77,083 ಮತಗಳ ಅಂತರದಿಂದ ಗೆದ್ದರು. ಓಟು ಹಾಕಿದವರು ನೂರಕ್ಕೆ ಸುಮಾರು 53 ಮಾತ್ರ. ಉಳಿದ 47 ಜನ ಎಡವೂ ಅಲ್ಲ, ಬಲವೂ ಅಲ್ಲ ಎಂದು ಮನೆಯಲ್ಲಿ ಕುಳಿತರು. ಅದರಿಂದ ಯಾರಿಗೆ ಲಾಭವಾಯಿತು? ಇದ್ದದ್ದು ಇದ್ದಹಾಗೆ ಇರಲಿ ಎನ್ನುವವರಿಗೆ. ನಾವು ನಡುವಿನವರು ಎಂದು ಬೀಗುವವನೂ ಅಷ್ಟೇ. ಹೊಡೆಯುವವನಿಗೂ ಹೊಡೆಸಿಕೊಳ್ಳುವವನಿಗೂ ನಡುವೆ ಸುಮ್ಮನೆ ನಿಂತವನು ಹೊಡೆಯುವವನ ಕಡೆಯವನೇ.

ವ್ಯತ್ಯಾಸಗಳಿವೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಗಾರ್ಮೆಂಟ್ಸಿಗೆ ಹೋಗುವವಳ ತಿಂಗಳ ಖರ್ಚಿನಲ್ಲಿ ಅದು ಕಾಣುವಂಥ ಉಳಿತಾಯ. ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಹೊಟ್ಟೆನೋವಿಲ್ಲ. ಇದನ್ನು ಬಿಟ್ಟಿ ಭಾಗ್ಯವೆಂದು ಹೀಯಾಳಿಸಿದವರ ಪಕ್ಷವೇ ಮಧ್ಯಪ್ರದೇಶದಲ್ಲಿ 2023ರಲ್ಲಿ, ಮಹಾರಾಷ್ಟ್ರದಲ್ಲಿ 2024ರಲ್ಲಿ ಹೆಂಗಸರ ಖಾತೆಗೆ ನೇರವಾಗಿ ಹಣ ಹಾಕಿತು. ಇಲ್ಲಿ ಬಿಟ್ಟಿ, ಅಲ್ಲಿ ಗೌರವ! ಆದರೆ ಕಾಂಗ್ರೆಸ್ಸಿನವರೂ ಹಿಗ್ಗಬೇಕಾಗಿಲ್ಲ. ಬಸ್ಸಿನ ಚೀಟಿ ಬಿಟ್ಟುಕೊಟ್ಟು ದುಡಿಮೆಯ ಗಂಟೆ ಹೆಚ್ಚಿಸಿದರೆ, ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡಂತೆ. ಇನ್ನು 2014ರಲ್ಲಿ ಇದೇ ಬೆಂಗಳೂರು ದಕ್ಷಿಣದಲ್ಲಿ ಬಡವರ ಪಕ್ಷವೆಂದು ಹೇಳಿಕೊಳ್ಳುವವರು ನಿಲ್ಲಿಸಿದ ಅಭ್ಯರ್ಥಿ ಯಾರು? ಕುಟುಂಬದ ಆಸ್ತಿ 7,700 ಕೋಟಿ ರೂಪಾಯಿಗೂ ಹೆಚ್ಚೆಂದು ತಾವೇ ಘೋಷಿಸಿದ ನಂದನ್ ನಿಲೇಕಣಿಯವರು. ವ್ಯಕ್ತಿಯ ಸಜ್ಜನಿಕೆಯ ಪ್ರಶ್ನೆಯಲ್ಲ ಇದು. ಪಕ್ಷದ ಆಯ್ಕೆಯ ಪ್ರಶ್ನೆ.

ಪರರ ತಟ್ಟೆಯ ನೊಣ ತೋರಿಸುವವರು ತಮ್ಮ ತಟ್ಟೆಯನ್ನೂ ನೋಡಿಕೊಳ್ಳಬೇಕು. ನಮ್ಮ ಸಮಾಜವಾದಿಗಳು ಒಡೆದು ಒಡೆದು ಚೂರಾದರು. 1977ರಲ್ಲಿ ಕೋಕಾ ಕೋಲಾ ಕಂಪನಿಯನ್ನು ದೇಶ ಬಿಡಿಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಕೊನೆಗೆ ವಾಜಪೇಯಿಯವರ ಮಂತ್ರಿಮಂಡಲದಲ್ಲಿ ಕುಳಿತರು. ಆದರೆ 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರ ಎದುರು ನಿಂತಾಗ, ಲೋಹಿಯಾ ಬಂದು ಅಲ್ಲಿ ಬಂಧನಕ್ಕೊಳಗಾದಾಗ, ಶಾಂತವೇರಿ ಗೋಪಾಲಗೌಡರು ಆ ದನಿಯನ್ನು 1952ರಲ್ಲಿ ವಿಧಾನಸಭೆಗೆ ಒಯ್ದಾಗ, ಎಡ ಎಂಬ ಮಾತಿಗೆ ಒಂದು ಅರ್ಥವಿತ್ತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಗೋಡೆಯ ಮೇಲೆ ಉಳಿಯಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಂದು ಗೇಣಿ ಪದ್ಧತಿಯನ್ನು ತೆಗೆದುಹಾಕುವ ಕಾನೂನಾಯಿತು. ಘೋಷಣೆ ಎಂದರೆ ಅದು: ಕೂಗಿದವನ ಗಂಟಲು ನೋಯಬೇಕು, ಆಳುವವನ ಕೈ ಸಹಿ ಮಾಡಬೇಕು.

ಎಡಗೈ ಬಲಗೈ ಎಂಬ ಹಳೆಯ ಮಾತು ಇಂದು ಪರಿಶಿಷ್ಟ ಜಾತಿಗಳಲ್ಲಿ ಉಳಿದಿದೆ. ಅಲ್ಲಿ ಅದು ಟಿ.ವಿ.ಯ ವಾದವಲ್ಲ, ಕೆಲಸದ, ಓದಿನ ಪಾಲಿನ ಮಾತು. 2025ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ನೂರಕ್ಕೆ ಹದಿನೇಳರ ಮೀಸಲಾತಿಯನ್ನು ಆರು, ಆರು, ಐದು ಎಂದು ಹಂಚುವ ತೀರ್ಮಾನಕ್ಕೆ ಬಂತು. ಅದು ಸರಿಯೋ ತಪ್ಪೋ ಎಂದು ಜಗಳವಾಡಿದವರಿಗೆ ತಾವು ಯಾವುದಕ್ಕಾಗಿ ಜಗಳವಾಡುತ್ತಿದ್ದೇವೆಂಬುದು ಗೊತ್ತಿತ್ತು. ಆ ಮಟ್ಟಿನ ಸ್ಪಷ್ಟತೆ ನಮ್ಮ ಉಳಿದ ಎಡಬಲಕ್ಕೂ ಬರಲಿ.

ಆದುದರಿಂದ, ಗಿರಣಿಯ ಸಂಗಾತಿಗಳೇ, ಅಂಗಡಿಯ ಅಣ್ಣಂದಿರೇ, ಮುಂದೆ ಓಟು ಕೇಳಲು ಬರುವವನನ್ನು ನೀನು ಎಡವೋ ಬಲವೋ ಎಂದು ಕೇಳಬೇಡಿ. ಅವನು ಎರಡಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾನೆ. ಹೀಗೆ ಕೇಳಿ: ದುಡಿಮೆಯ ಗಂಟೆ ಹೆಚ್ಚಿಸುವ ಮಸೂದೆ ಬಂದರೆ ಎದ್ದು ವಿರೋಧಿಸುತ್ತೀಯೋ, ಶೌಚಾಲಯಕ್ಕೆ ಹೋಗುತ್ತೀಯೋ? ನೋಟೀಸು ಕಳಿಸುವ ಮೊದಲು ಅಂಗಡಿಯವನ ಲೆಕ್ಕ ನೋಡಿಸುತ್ತೀಯೋ? ಬೀದಿಯ ಸದಸ್ಯನ ಚುನಾವಣೆಯನ್ನು ಹೊತ್ತಿಗೆ ಸರಿಯಾಗಿ ನಡೆಸುತ್ತೀಯೋ? ನಮ್ಮ ಹೆಣ್ಣುಮಕ್ಕಳು ರಸ್ತೆಯಲ್ಲಿ ಕುಳಿತಾಗ ಲಾಠಿಯ ಕಡೆ ನಿಲ್ಲುತ್ತೀಯೋ, ಅವರ ಕಡೆ ನಿಲ್ಲುತ್ತೀಯೋ?

1789ರಲ್ಲಿ ಕೇಳಿದ್ದೂ ಇದೇ ಪ್ರಶ್ನೆ: ಕೊನೆಯ ಮಾತು ಯಾರದು? ಅರಮನೆ ಹೋಗಿ ಕಂಪನಿ ಬಂದಿದೆ, ಅಷ್ಟೇ. ಉತ್ತರ ಕೊಡಲಾರದೆ ಅವನು ಹನುಮನ ಬಾವುಟವನ್ನೋ ಸಂವಿಧಾನದ ಪುಸ್ತಕವನ್ನೋ ಎತ್ತಿ ತೋರಿಸಿದರೆ, ಎರಡಕ್ಕೂ ಕೈ ಮುಗಿದು, ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಜಯನಗರದಲ್ಲಿ ಹದಿನಾರು ಓಟಿಗೆ ಒಬ್ಬ ಶಾಸಕ ಆದದ್ದುಂಟು. ನಮ್ಮೂರಿಂದ ಬಸ್ಸು ಹತ್ತಿದ ಹೆಣ್ಣುಮಕ್ಕಳು ಹದಿನಾರಕ್ಕಿಂತ ಹೆಚ್ಚಿದ್ದಾರೆ.